ಮಗಳಿಗೆ ಯಾವ ಹೈಸ್ಕೂಲು? ಕೇಳಿ ನೋಡಿ ತೀರ್ಮಾನಿಸೋಣ



ಏಳನೇ ತರಗತಿ ಮುಗಿಯುತ್ತಲೇ ಮನೆಯಲ್ಲಿ ಮಾತು ಶುರುವಾಗುತ್ತದೆ: "ಮಗಳನ್ನ ಊರ ಸಾಲಿಗೇ ಹಾಕೋದೋ, ಹನುಮಸಾಗರಕ್ಕೋ, ತಾವರಗೇರಿಗೋ, ಇಲ್ಲಾ ಕುಷ್ಟಗಿಗೆ ಕಳಿಸೋದೋ?" ಹೆಚ್ಚಾಗಿ ನಾವು ಎಸ್ಸೆಸ್ಸೆಲ್ಸಿ ಫಲಿತಾಂಶ ಕೇಳಿ ತೀರ್ಮಾನಿಸುತ್ತೇವೆ. ಅದೊಂದೇ ಸಾಲದು.

ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ 8ನೇ ತರಗತಿಗೆ 60 ಮಕ್ಕಳು ಸೇರಿದರು ಎನ್ನಿ. ಹತ್ತನೆಯ ಪರೀಕ್ಷೆಗೆ ಕೂತವರು 40, ಪಾಸಾದವರು 36. ಫಲಿತಾಂಶ ಶೇ. 90. ಇನ್ನೊಂದರಲ್ಲೂ 60 ಮಕ್ಕಳು ಸೇರಿ, 58 ಮಂದಿ ಪರೀಕ್ಷೆಗೆ ಕೂತು, 46 ಮಂದಿ ಪಾಸಾದರು. ಫಲಿತಾಂಶ ಶೇ. 79. ಯಾವ ಶಾಲೆ ಒಳ್ಳೆಯದು? ಎರಡನೆಯದು ಹತ್ತು ಮಕ್ಕಳನ್ನು ಹೆಚ್ಚಿಗೆ ದಡ ಮುಟ್ಟಿಸಿತು. ಮೊದಲನೆಯದರ 20 ಮಕ್ಕಳು ಎಲ್ಲಿ ಹೋದರು? ಬೇರೆ ಶಾಲೆಗೋ, ಗುಳೆಗೋ, ಮದುವೆಗೋ? ಸಂಘದಲ್ಲಿ ಸಾಲ ಕೊಟ್ಟದ್ದು, ವಾಪಸ್ ಬಂದದ್ದು ಎರಡನ್ನೂ ನೋಡುತ್ತೇವಲ್ಲ, ಇಲ್ಲಿಯೂ ಹಾಗೇ ನೋಡಬೇಕು.

ಮುಖ್ಯೋಪಾಧ್ಯಾಯರನ್ನು ಕೇಳಬೇಕಾದ ಪ್ರಶ್ನೆಗಳು:

1. ಎಂಟನೆಯದಕ್ಕೆ ಸೇರಿದ ಹುಡುಗಿಯರೆಷ್ಟು, ಹತ್ತರಲ್ಲಿ ಉಳಿದವರೆಷ್ಟು? ಟಿ.ಸಿ. ಒಯ್ದವರೆಷ್ಟು?

2. ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರಿದ್ದಾರೆಯೇ? ಅತಿಥಿ ಶಿಕ್ಷಕರಾದರೆ ಯಾವ ತಿಂಗಳಲ್ಲಿ ಬಂದರು?

3. ಹುಡುಗಿಯರ ಶೌಚಾಲಯಕ್ಕೆ ನೀರು, ಬಾಗಿಲಿಗೆ ಚಿಲಕ ಇದೆಯೇ? ಇದನ್ನು ಕೇಳಬೇಡಿ, ಹೋಗಿ ನೋಡಿ.

4. ಸಂಜೆ ವಿಶೇಷ ತರಗತಿ ಬಿಟ್ಟ ಮೇಲೆ ಊರಿಗೆ ಬಸ್ಸಿದೆಯೇ? 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಟಿಕೆಟ್ಟಿನ ಚಿಂತೆ ತಪ್ಪಿತು. ಆದರೆ ಬಸ್ಸೇ ಇಲ್ಲದಿದ್ದರೆ ಏನು ಉಪಯೋಗ? ಅಂಥ ಕಡೆ ಹತ್ತಿರದ ಶಾಲೆಯೇ ಮೇಲು.

ಇನ್ನೊಂದು ಮಾತು. ಕುಕನೂರಿನ ನವೋದಯ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೆ ಪ್ರವೇಶ 6ನೇ ತರಗತಿಗೆ. ಮಗು ಐದರಲ್ಲಿ ಇರುವಾಗಲೇ ಪರೀಕ್ಷೆಗೆ ಅರ್ಜಿ ಹಾಕಬೇಕು. ಏಳು ಮುಗಿದ ಮೇಲೆ ವಿಚಾರಿಸಿದರೆ ತಡವಾಯಿತು.

ಒಬ್ಬಳೇ ಹೋಗಿ ಕೇಳಲು ಅಂಜಿಕೆಯಾಗಬಹುದು. ಸಂಘದಿಂದ ನಾಲ್ಕು ಮಂದಿ ಕೂಡಿ ಹೋಗೋಣ. ಎರಡು ಮೂರು ಶಾಲೆಗಳ ಉತ್ತರಗಳನ್ನು ಸಂಘದ ಪುಸ್ತಕದಲ್ಲಿ ಬರೆದು ಸಭೆಯಲ್ಲಿ ಓದೋಣ. ಕೊರತೆ ಕಂಡರೆ ಶಾಲಾಭಿವೃದ್ಧಿ ಸಮಿತಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಮನವಿ ಕೊಡೋಣ.

ಮಗಳು ಫೇಲಾದರೂ ಮದುವೆಯ ಮಾತು ಬೇಡ. ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಹದಿನೆಂಟು ತುಂಬುವ ಮೊದಲು ಯಾರಾದರೂ ಮದುವೆಗೆ ಒತ್ತಾಯ ಮಾಡಿದರೆ 1098ಕ್ಕೆ ಫೋನ್ ಮಾಡಿ. ಹುಡುಗಿ ಹತ್ತು ಮುಗಿಸುವ ತನಕ ಕೈ ಬಿಡದ ಶಾಲೆಯೇ ಒಳ್ಳೆಯ ಶಾಲೆ. ಕೈ ಬಿಡದ ಹಾಗೆ ನೋಡಿಕೊಳ್ಳುವುದರಲ್ಲಿ ನಮ್ಮ ಪಾಲೂ ಇದೆ.