ಯುಗಾದಿ ದಿನವೇ ಬಿದ್ದ ಬೀಗ

2020ರ ಮಾರ್ಚ್ 25, ಯುಗಾದಿ. ಅಂದೇ ದೇಶಕ್ಕೆಲ್ಲ ಕೊರೊನಾ ಲಾಕ್‌ಡೌನ್. ಮಾರನೇ ದಿನ ಹೊಸತೊಡಕು. ಮಂಡ್ಯ ಸೀಮೆಯಲ್ಲಿ ನೆಂಟರಿಲ್ಲದ ಬಾಡೂಟ ಯಾರಾದರೂ ಕಂಡಿದ್ದರೇ?

ಶ್ರೀರಂಗಪಟ್ಟಣದ ರಂಗನಾಥನ ಗುಡಿ ಮುಂದೆ ಜನವಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ವೈರಮುಡಿ ಉತ್ಸವಕ್ಕೂ ಆ ವರ್ಷ ಭಕ್ತಸಾಗರ ಹರಿಯಲಿಲ್ಲ.

ಕೆ.ಆರ್.ಪೇಟೆ, ನಾಗಮಂಗಲಕ್ಕೆ ಪೆಟ್ಟು ಬಿದ್ದದ್ದು ಮುಂಬೈ ದಾರಿಯಿಂದ. ಇಲ್ಲಿನ ಎಷ್ಟೋ ಮನೆಗಳ ಒಲೆ ಉರಿಯುತ್ತಿದ್ದುದೇ ಅಲ್ಲಿನ ದುಡಿಮೆಯಿಂದ. ಕೆಲಸ ನಿಂತಿತು, ಮೇ ತಿಂಗಳಲ್ಲಿ ಗುಂಪುಗುಂಪಾಗಿ ವಾಪಸ್ ಬಂದರು. ಬಂದವರು ಸೀದಾ ಮನೆಗಲ್ಲ, ಕ್ವಾರಂಟೈನ್ ಕೇಂದ್ರಗಳಾಗಿದ್ದ ಹಾಸ್ಟೆಲು, ಶಾಲೆಗಳಿಗೆ. ಅವರಲ್ಲೇ ಹೆಚ್ಚು ಸೋಂಕು ಕಂಡಾಗ ಹಳ್ಳಿಗಳಲ್ಲಿ ‘ಮುಂಬೈನೋರು’ ಅಂದರೇ ಭಯ. ಹೆತ್ತವರು ಮಗನನ್ನು ಕಾಂಪೌಂಡಿನಾಚೆ ನಿಂತು ಮಾತಾಡಿಸಬೇಕಾಯಿತು. ರೋಗದಷ್ಟೇ ನೋಯಿಸಿದ್ದು ಈ ಅನುಮಾನ. ಊರಹಬ್ಬಕ್ಕೆ ತಪ್ಪದೆ ಬಂದು ಕೈಲಾದ್ದು ಕೊಡುತ್ತಿದ್ದವರೂ ಈ ಮುಂಬೈನೋರೇ ಅಲ್ಲವೇ?