ಸುಟ್ಟ ಮೇಲೂ ಕಾಯುವ ರಾಳ

ಕುಕ್ಕರಿನ ಕಪ್ಪು ಹಿಡಿ, ಹಳೆ ಮನೆಗಳ ಕರಿ ಸ್ವಿಚ್ಚು, ಬಸ್ಸಿನ ಬ್ರೇಕ್ ಲೈನರಿನ ಪುಡಿಗಳನ್ನು ಹಿಡಿದಿಡುವ ಅಂಟು, ರಾಕೆಟ್ ನಾಜಲ್‌ನ ಒಳಪದರ. ಇವೆಲ್ಲಕ್ಕೂ ಆಧಾರ ಒಂದೇ: ಫಿನಾಲಿಕ್ ರಾಳ. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳನ್ನು ಸೇರಿಸಿ, ಕಾವು ಮತ್ತು ಒತ್ತಡದಲ್ಲಿ ಹದಮಾಡಿ ಬೇಕಲೈಟ್ ತಯಾರಿಸಿದರು. ಒಮ್ಮೆ ಗಟ್ಟಿಯಾದರೆ ಅದು ಮತ್ತೆ ಕರಗದು. ಸ್ವಿಚ್ಚಿಗೆ ಅಷ್ಟು ಸಾಕು. ಆದರೆ ನಾಜಲ್‌ನಲ್ಲಿ ನುಗ್ಗುವ ಅನಿಲದ ಬಿಸಿ 3000 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅಂಥ ಕಡೆ ನಿಲ್ಲಬೇಕಾದರೆ ರಾಳದ ಅಣುವನ್ನೇ ತಿದ್ದಬೇಕು.

ಸಾದಾ ಫಿನಾಲಿಕ್ ರಾಳ ಸುಮಾರು 300 ಡಿಗ್ರಿ ದಾಟಿದ ಮೇಲೆ ಒಡೆಯತೊಡಗುತ್ತದೆ. ನೀರು ತುಂಬಿದ ಕೆರೆಯ ಏರಿ ಸವೆದ ಜಾಗದಲ್ಲೇ ಬಿರಿಯುವಂತೆ, ಅಣುವೂ ಬಲಹೀನ ಜಾಗದಲ್ಲೇ ಒಡೆಯುತ್ತದೆ. ಫೀನಾಲಿನ ಉಂಗುರಗಳು ಗಟ್ಟಿಯಾಗಿಯೇ ಇರುತ್ತವೆ. ಉಂಗುರದಿಂದ ಉಂಗುರಕ್ಕೆ ಸೇತುವೆಯಾಗಿರುವ ಮೆಥಿಲೀನ್ ಗುಂಪನ್ನು ಆಮ್ಲಜನಕ ಮೊದಲು ಹಿಡಿಯುತ್ತದೆ. ಉಂಗುರಕ್ಕೆ ಅಂಟಿಕೊಂಡ ಹೈಡ್ರಾಕ್ಸಿಲ್ ಗುಂಪು ಎರಡನೆಯ ದುರ್ಬಲ ಜಾಗ. ಉಷ್ಣಸಹಿಷ್ಣುತೆ ಹೆಚ್ಚಿಸುವ ಬಹುಪಾಲು ತಿದ್ದುಪಡಿಗಳ ಗುರಿ ಈ ಎರಡು ಜಾಗಗಳೇ.

ತಿದ್ದಿದ ರಾಳವನ್ನು ಪರೀಕ್ಷಿಸುವ ಕ್ರಮ ಸರಳ. ಕೆಲವೇ ಮಿಲಿಗ್ರಾಂ ಪುಡಿಯನ್ನು ಪುಟ್ಟ ಬಟ್ಟಲಿಗೆ ಹಾಕಿ, ಸೂಕ್ಷ್ಮ ತಕ್ಕಡಿಯ ಮೇಲೆ, ನೈಟ್ರೋಜನ್ ಹರಿಯುವ ಕುಲುಮೆಯೊಳಗೆ ಇಡುತ್ತಾರೆ. ನಿಮಿಷಕ್ಕೆ 10 ಡಿಗ್ರಿಯಂತೆ ಬಿಸಿ ಏರುತ್ತದೆ. ಪರದೆಯ ಮೇಲೆ ತೂಕ ತೋರಿಸುವ ಗೆರೆ ಮೊದಲು ಸಮತಟ್ಟಾಗಿ ಸಾಗಿ, ಮೆಲ್ಲನೆ ಬಾಗಿ, ಆಮೇಲೆ ಕಡಿದಾಗಿ ಇಳಿದು, ಕೊನೆಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. 800 ಡಿಗ್ರಿಯಲ್ಲಿ ಉಳಿದದ್ದು ಇದ್ದಿಲು. ಸಾದಾ ರಾಳದಲ್ಲಿ ಅದು ಮೂಲ ತೂಕದ ಅರ್ಧ ಅಥವಾ ತುಸು ಹೆಚ್ಚು. ಒಳ್ಳೆಯ ತಿದ್ದುಪಡಿಯಾಗಿದ್ದರೆ ಗೆರೆ ತಡವಾಗಿ ಬಾಗುತ್ತದೆ, ಇದ್ದಿಲೂ ಹೆಚ್ಚು ಉಳಿಯುತ್ತದೆ.

ಕಾಯುವುದು ಈ ಇದ್ದಿಲೇ. ರಾಳ ಒಡೆಯುವಾಗ ಶಾಖವನ್ನು ಹೀರಿಕೊಳ್ಳುತ್ತದೆ, ಹೊರಬರುವ ಅನಿಲ ಬಿಸಿಗಾಳಿಯನ್ನು ದೂರ ತಳ್ಳುತ್ತದೆ, ಉಳಿದ ಇದ್ದಿಲು ಒಳಗಿನದಕ್ಕೆ ಕವಚವಾಗುತ್ತದೆ. 2006ರ ಜನವರಿಯಲ್ಲಿ ಧೂಮಕೇತುವಿನ ಧೂಳು ಹೊತ್ತ ಸ್ಟಾರ್‌ಡಸ್ಟ್ ನೌಕೆಯ ಕೋಶ ಸೆಕೆಂಡಿಗೆ ಸುಮಾರು 12.9 ಕಿಲೋಮೀಟರ್ ವೇಗದಲ್ಲಿ ಭೂಮಿಯ ವಾತಾವರಣಕ್ಕೆ ನುಗ್ಗಿಯೂ ಸುರಕ್ಷಿತವಾಗಿ ಇಳಿಯಿತು. ಅದನ್ನು ಕಾಪಾಡಿದ್ದು ಕಾರ್ಬನ್ ನಾರಿಗೆ ಫಿನಾಲಿಕ್ ರಾಳ ಉಣಿಸಿ ಮಾಡಿದ ಕವಚ.

ತಿದ್ದುವ ದಾರಿಗಳು ಹಲವು. ಬೋರಿಕ್ ಆಮ್ಲ ಸೇರಿಸಿದರೆ ಹೈಡ್ರಾಕ್ಸಿಲ್ ಇದ್ದಲ್ಲಿ ಬೋರಾನ್-ಆಮ್ಲಜನಕ ಬಂಧ ಬೆಳೆಯುತ್ತದೆ. ಅದು ಇಂಗಾಲ-ಇಂಗಾಲದ ಬಂಧಕ್ಕಿಂತ ಬಲವಾದದ್ದು. ಬಿಸಿ ಏರಿದಾಗ ಗಾಜಿನಂಥ ಬೋರಾನ್ ಆಕ್ಸೈಡ್ ಇದ್ದಿಲನ್ನು ಮುಚ್ಚಿ ಆಮ್ಲಜನಕವನ್ನು ತಡೆಯುತ್ತದೆ. ಆದರೆ ಆ ಬಂಧಕ್ಕೆ ತೇವ ಆಗದು. ಸಿಲಿಕೋನ್ ಸೇರಿಸಿದರೆ ಇದ್ದಿಲನ್ನು ಮುಚ್ಚುವ ಕೆಲಸವನ್ನು ಸಿಲಿಕಾ ಪದರ ಮಾಡುತ್ತದೆ. ಬೆಂಜಾಕ್ಸಜೀನ್ ಎಂಬ ಬಗೆಯ ಫಿನಾಲಿಕ್ ರಾಳದ ದಾರಿಯೇ ಬೇರೆ. ಸಾದಾ ರಾಳ ಗಟ್ಟಿಯಾಗುವಾಗ ನೀರು ಬಿಡುತ್ತದೆ, ಅದರಿಂದ ಒಳಗೆ ಗುಳ್ಳೆಗಳಾಗುತ್ತವೆ. ಬೆಂಜಾಕ್ಸಜೀನ್‌ನಲ್ಲಿ ಫೀನಾಲಿನ ಉಂಗುರಕ್ಕೆ ಹೊಂದಿಕೊಂಡ ಇನ್ನೊಂದು ಉಂಗುರ ಬಿಚ್ಚಿ ಹೆಣೆದುಕೊಳ್ಳುವುದರಿಂದ ಆ ತೊಂದರೆಯಿಲ್ಲ. ನೀರು ಬಿಡದೆ ಗಟ್ಟಿಯಾಗುವ ಇಂಥ ಫಿನಾಲಿಕ್ ರಾಳಗಳ ಮೇಲೆ ತಿರುವನಂತಪುರದ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದಲ್ಲಿ ಗಣನೀಯ ಸಂಶೋಧನೆ ನಡೆದಿದೆ.

ನಮ್ಮ ಕರಾವಳಿಗೂ ಇದರಲ್ಲಿ ಪಾಲಿದೆ. ಮಂಗಳೂರು ಕಡೆಯ ಗೇರುಬೀಜ ಕಾರ್ಖಾನೆಗಳ ಸಿಪ್ಪೆಯಿಂದ ಬರುವ ಎಣ್ಣೆಯಲ್ಲಿ ಕಾರ್ಡನಾಲ್ ಸಿಗುತ್ತದೆ. ಇದು 15 ಇಂಗಾಲಗಳ ಉದ್ದ ಬಾಲವಿರುವ ಫೀನಾಲ್. ಆ ಬಾಲ ರಾಳದ ಪೆಡಸುತನ ತಗ್ಗಿಸುತ್ತದೆ, ಹಾಗಾಗಿ ಅದರಿಂದ ಮಾಡಿದ ಘರ್ಷಣೆ ಪುಡಿಯನ್ನು ಬ್ರೇಕ್ ಲೈನರುಗಳಲ್ಲಿ ಬಳಸುತ್ತಾರೆ. ಆದರೆ ಬಿಸಿಗೆ ಮೊದಲು ಒಡೆಯುವುದೂ ಅದೇ ಬಾಲ. ಕಾರ್ಡನಾಲನ್ನು ಬೆಂಜಾಕ್ಸಜೀನ್ ಆಗಿಸಿ ಈ ಕೊರತೆ ನೀಗುವ ಪ್ರಯತ್ನಗಳು ನಡೆಯುತ್ತಿವೆ. ಪೆಟ್ರೋಲಿಯಂ ಮೂಲದ ಫೀನಾಲಿಗೆ ಊರಿನ ಬೆಳೆಯೇ ಪರ್ಯಾಯವಾಗಬಲ್ಲ ಈ ಕೆಲಸಕ್ಕೆ ನಮ್ಮ ಕಾಲೇಜುಗಳ ರಸಾಯನಶಾಸ್ತ್ರ ವಿಭಾಗಗಳು ಕೈಹಾಕಬೇಕು. ಕಚ್ಚಾವಸ್ತು ಅವುಗಳ ಬಾಗಿಲಲ್ಲೇ ಇದೆ.