ನಡುಮನೆಗೆ ಬಂದ ಲಲಿತಾಂಬ

ಚಿಕ್ಕಮಗಳೂರಿನ ಕಾಫಿ ಸೀಮೆಯ ಮೂಡಿಗೆರೆ, ಕಳಸದ ಕಡೆ ಟಿ.ವಿ. ಮೊದಲು ಏರಿದ್ದು ಮರದ ತುದಿಗೆ, ಮನೆಯೊಳಗೆ ಬಂದದ್ದು ಆಮೇಲೆ. ಗುಡ್ಡದ ಮರೆಯಲ್ಲಿ ಕೂತ ಮನೆಗಳಿಗೆ ದೂರದರ್ಶನದ ಸಿಗ್ನಲ್ ನೆಟ್ಟಗೆ ಸಿಗುತ್ತಿರಲಿಲ್ಲ. ಸಿಲ್ವರ್ ಓಕ್ ಮರದ ನೆತ್ತಿಗೋ ಉದ್ದನೆಯ ಬಿದಿರಿನ ಗಳಕ್ಕೋ ಆಂಟೆನಾ ಕಟ್ಟಬೇಕು, ಬೂಸ್ಟರ್ ಹಾಕಬೇಕು. ಮರದ ಮೇಲೊಬ್ಬ, ಅಂಗಳದಲ್ಲೊಬ್ಬ, ಪೆಟ್ಟಿಗೆಯ ಮುಂದೊಬ್ಬ ನಿಂತು "ಬಂತಾ?", "ಬಂತು, ಬಂತು... ಹೋಯ್ತು ಮಾರಾಯ" ಎಂದು ಕೂಗಾಡಬೇಕು. ಇಷ್ಟಾದ ಮೇಲೆ ಜೂನ್ ತಿಂಗಳ ಮಳೆಗೆ ಲೈನಿನ ಮೇಲೆ ಮರ ಬಿದ್ದರೆ ವಾರಗಟ್ಟಲೆ ಕರೆಂಟೇ ಇಲ್ಲ. ಹೀಗೆ ಕಷ್ಟಪಟ್ಟು ಬರಮಾಡಿಕೊಂಡ ಪೆಟ್ಟಿಗೆಯಲ್ಲಿ ಜನ ಸುದ್ದಿ ಕೇಳಿದರು, ಸಿನಿಮಾ ನೋಡಿದರು. ಆದರೆ ಮನೆಮಂದಿಯೆಲ್ಲ ಒಟ್ಟಿಗೆ ಕೂತು ನಕ್ಕಿದ್ದು ಹಾಸ್ಯ ಧಾರಾವಾಹಿಗಳಿಗೆ. ಆ ನಗುವಿನ ಜೊತೆಗೇ ಮನೆಯಲ್ಲಿ ಗಂಡಸು ಯಾರು, ಹೆಂಗಸು ಯಾರು, ಮಾತು ಯಾರದ್ದು ಎಂಬ ಪ್ರಶ್ನೆಗಳೂ ನಡುಮನೆಗೆ ಬಂದವು.

ಕಾಫಿ ಸೀಮೆಗೆ ನಗು ಹೊಸದೇನಲ್ಲ. ಘಟ್ಟದ ಕೆಳಗಿನಿಂದ ಬರುತ್ತಿದ್ದ ಯಕ್ಷಗಾನ ಮೇಳಗಳ ಹಾಸ್ಯಗಾರನಿಗಾಗಿ ಜನ ನಿದ್ದೆಗೆಟ್ಟು ಕಾಯುತ್ತಿದ್ದರು. ರಾಜನಿಗೆ ಎದುರಾಡುವ ದೂತ, ಒಡೆಯನ ಗುಟ್ಟು ಬಲ್ಲ ಆಳು, ಬಾಯಿಬಡುಕಿ ಮುದುಕಿ, ಇವೆಲ್ಲ ಆಟದಲ್ಲಿ ಮೊದಲೇ ಇದ್ದವು. ರೇಡಿಯೋ ಕಾಲದಲ್ಲಿ ಎ.ಎಸ್. ಮೂರ್ತಿ ಅವರು 'ಆಕಾಶವಾಣಿ ಈರಣ್ಣ' ಎಂದೇ ಹೆಸರಾದರು. ಆದರೆ ಯಕ್ಷಗಾನದ ಆಟ ಬೆಳಗಾದರೆ ಮುಗಿಯುತ್ತದೆ, ಮೇಳ ಮುಂದಿನ ಊರಿಗೆ ಹೋಗುತ್ತದೆ. ಒಂದೇ ಮನೆ, ಅದೇ ಗಂಡ, ಅದೇ ಹೆಂಡತಿ, ಅದೇ ಅಕ್ಕಪಕ್ಕದವರು ನಾಳೆಯೂ ಬಂದು ಹೊಸ ಪಜೀತಿಗೆ ಸಿಕ್ಕಿಬೀಳುವುದು ಟಿ.ವಿ. ಕಲಿಸಿದ ಆಟ. ಅಮೆರಿಕದಲ್ಲಿ 1951ರಲ್ಲಿ ಶುರುವಾದ 'ಐ ಲವ್ ಲೂಸಿ' ಈ ಆಟಕ್ಕೆ ದೊಡ್ಡ ಮಾದರಿ ಹಾಕಿಕೊಟ್ಟಿತು. ಅದರಲ್ಲಿ ಹೆಂಡತಿಗೆ ರಂಗದ ಮೇಲೆ ಹೋಗುವ ಆಸೆ, ಗಂಡನಿಗೆ ಅವಳು ಮನೆಯಲ್ಲಿರಲಿ ಎಂಬ ಹಟ. 1970ರಲ್ಲಿ ಬಂದ 'ಮೇರಿ ಟೈಲರ್ ಮೂರ್ ಶೋ' ಹೊತ್ತಿಗೆ ನಾಯಕಿ ಮದುವೆಯಾಗದೆ ಒಬ್ಬಳೇ ಇದ್ದು ಸುದ್ದಿಮನೆಯಲ್ಲಿ ದುಡಿಯುತ್ತಿದ್ದಳು.

ನಮ್ಮಲ್ಲಿ ಈ ಬದಲಾವಣೆ ಬೇಗಬೇಗ ನಡೆಯಿತು. 1984ರಲ್ಲಿ ದೇಶದುದ್ದಕ್ಕೂ ಸಣ್ಣ ಪ್ರಸಾರ ಕೇಂದ್ರಗಳು ಎದ್ದವು. ಅದೇ ವರ್ಷ 'ಹಮ್ ಲೋಗ್' ಬಂತು, 'ಯೇ ಜೋ ಹೈ ಜಿಂದಗಿ' ಬಂತು. ಹಿಂದಿ ಅರ್ಥವಾಗದ ಮನೆಗಳಲ್ಲೂ ಸತೀಶ್ ಶಾ ವಾರಕ್ಕೊಂದು ವೇಷದಲ್ಲಿ ಬಂದಾಗ ನಗಲು ಯಾರೂ ಅರ್ಥ ಹೇಳಿಕೊಡಬೇಕಿರಲಿಲ್ಲ. ಮಾರನೇ ವರ್ಷ ಬಾಸು ಚಟರ್ಜಿ ಅವರ 'ರಜನಿ'ಯಲ್ಲಿ ಪ್ರಿಯಾ ತೆಂಡೂಲ್ಕರ್ ಕೆಲಸಗಳ್ಳರನ್ನು ದಬಾಯಿಸುವ ಗೃಹಿಣಿಯಾಗಿ ಬಂದರು. ಬೀದಿಗಿಳಿದು ಲೆಕ್ಕ ಕೇಳುವ ಹೆಂಗಸನ್ನು ಮೆಚ್ಚಿಕೊಂಡು ನೋಡಬಹುದು ಎಂದು ಅನೇಕ ಮನೆಗಳಿಗೆ ಗೊತ್ತಾದದ್ದು ಆಗ.

ಕನ್ನಡದವರ ಕೈಯಿಂದ ಬಂದ ದೊಡ್ಡ ಕೆಲಸ, ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್', ಶೃಂಗೇರಿಯಿಂದ ದೂರವಿಲ್ಲದ ಆಗುಂಬೆಯಲ್ಲೇ ಚಿತ್ರೀಕರಣವಾಯಿತು. ಅದು ಹಾಸ್ಯ ಧಾರಾವಾಹಿಯಲ್ಲ, ನಿಜ. ಆದರೆ ಮಲೆನಾಡಿನ ಜಗಲಿ, ಹೆಂಚಿನ ಮಾಡು, ಮಳೆಯ ಬೀದಿ ಇಡೀ ದೇಶದ ಟಿ.ವಿ.ಯಲ್ಲಿ ಬಂದಾಗ ನಮ್ಮ ಕಡೆಯವರಿಗೆ ಆದ ಸಂತೋಷ ದೊಡ್ಡದು. ಅದರಲ್ಲಿ ಬಾಲಕ ಸ್ವಾಮಿಯ ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. ಅಪ್ಪನ ಮಾತೇ ಅಲ್ಲಿ ಕಡೆಯ ಮಾತು, ಅಮ್ಮ ಒಳಮನೆಯ ಮೆತ್ತಗಿನ ದನಿ. ಅದೇ ವೈಶಾಲಿ ಮುಂದೆ ಈಟಿವಿ ಕನ್ನಡಕ್ಕೆ 'ಮೂಡಲ ಮನೆ'ಯಂಥ ಧಾರಾವಾಹಿಯನ್ನು ತಾವೇ ನಿರ್ದೇಶಿಸಿದರು. ಪರದೆಯ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತ ನಟಿ ಎರಡು ದಶಕ ಕಳೆಯುವುದರೊಳಗೆ ಕ್ಯಾಮೆರಾದ ಹಿಂದೆ ನಿಂತು ಇಡೀ ತಂಡವನ್ನು ನಡೆಸಿದರು. ಕನ್ನಡ ಕಿರುತೆರೆಯ ಚರಿತ್ರೆ ಬರೆಯುವವರು ಈ ಸಂಗತಿಗೆ ಒಂದು ಅಧ್ಯಾಯವನ್ನೇ ಕೊಡಬೇಕು.

ಬೆಂಗಳೂರು ದೂರದರ್ಶನ ಅದೇ ಕಾಲದಲ್ಲಿ ತನ್ನದೇ ಹಾಸ್ಯವನ್ನು ಹುಡುಕಿಕೊಳ್ಳುತ್ತಿತ್ತು. ರಮೇಶ್ ಭಟ್ ಅವರ 'ಕ್ರೇಜಿ ಕರ್ನಲ್' ಇತ್ತು. 'ಸಿಹಿಕಹಿ' ಎಂಬ ಧಾರಾವಾಹಿಯಂತೂ ತನ್ನ ನಟರ ಹೆಸರಿಗೇ ಅಂಟಿಕೊಂಡಿತು. ಸಿಹಿಕಹಿ ಚಂದ್ರು, ಸಿಹಿಕಹಿ ಗೀತಾ ಇಬ್ಬರೂ ನಿಜ ಬದುಕಿನಲ್ಲೂ ಗಂಡ ಹೆಂಡತಿಯಾದರು. ಗಂಡ ಹೆಂಡಿರ ಜಗಳವೇ ಕಥೆ ಎಂಬ ದಾರಿ ಕನ್ನಡ ಕಿರುತೆರೆಗೆ ಆಗಲೇ ಬಿದ್ದಿತ್ತು.

ಬೆಟ್ಟದ ಮನೆಗಳಿಗೆ ಮುಂದಿನ ತಿರುವು ಬಂದದ್ದು ಬ್ರೆಜಿಲ್‌ನಿಂದ. 1994ರಲ್ಲಿ ಅಲ್ಲಿ ಹಿಮ ಬಿದ್ದು ಕಾಫಿ ಗಿಡಗಳು ಸುಟ್ಟವು, ಜಗತ್ತಿನ ಕಾಫಿ ಬೆಲೆ ಒಮ್ಮೆಲೇ ಏರಿತು. ಅದೇ ಹೊತ್ತಿಗೆ, ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಗೇ ಒಪ್ಪಿಸಬೇಕೆಂಬ ಕಟ್ಟು ಹಂತಹಂತವಾಗಿ ಸಡಿಲಗೊಂಡು, ಬೆಳೆಗಾರ ತಾನೇ ಮಾರುವ ಸ್ವಾತಂತ್ರ್ಯ ಪಡೆದ. ಕೈಗೆ ಕಾಸು ಬಂತು, ಮನೆಗೆ ಹೊಸ ಜೀಪು ಬಂತು, ಅಂಗಳಕ್ಕೆ ದೊಡ್ಡ ಜಾಲರಿಯ ಡಿಶ್ ಬಂತು. ಕೇಬಲ್ ಪೇಟೆಯಲ್ಲಷ್ಟೇ. ತೋಟಗಳಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಮೈಲಿ ದೂರ, ಅಲ್ಲಿಗೆ ತಂತಿ ಎಳೆಯುವವರು ಯಾರು? ಹಾಗಾಗಿ ಡಿಶ್ ಇದ್ದ ಮನೆಯೇ ಸುತ್ತಲಿನವರಿಗೆಲ್ಲ ಟಾಕೀಸು. ಸೋಫಾದ ಮೇಲೆ ಸಾಹುಕಾರರ ಮನೆಯವರು, ಚಾಪೆಯ ಮೇಲೆ ರೈಟರ ಮನೆ ಮಕ್ಕಳು, ಬಾಗಿಲ ಬಳಿ, ಜಗಲಿಯಲ್ಲಿ ಲೈನ್ ಮನೆಯ ಕೂಲಿಯವರು. ಯಾರು ಎಲ್ಲಿ ಕೂರಬೇಕು ಎಂಬುದು ಟಿ.ವಿ. ಬಂದ ಮಾತ್ರಕ್ಕೆ ಬದಲಾಗಲಿಲ್ಲ. 2004ರ ಕೊನೆಗೆ ದೂರದರ್ಶನದ ಉಚಿತ ಡಿಟಿಎಚ್, ಆಮೇಲೆ ಖಾಸಗಿಯವರ ಪುಟ್ಟ ತಟ್ಟೆಗಳು ಲೈನ್ ಮನೆಯ ಸೂರಿಗೂ ಬಂದ ಮೇಲಷ್ಟೇ ಕೂಲಿಯವರು ತಮ್ಮ ಮನೆಯಲ್ಲಿ ತಮಗೆ ಬೇಕಾದ್ದನ್ನು ಕಾಲು ಚಾಚಿ ಕೂತು ನೋಡಿದ್ದು.

2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ಶುರುವಾಯಿತು. ಅದರಲ್ಲಿ ಬಂದ ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು' ಮನೆಮಾತಾಯಿತು. ಹೆಂಡತಿಗೆ ಹೆದರುವ, ಅವಳಿಂದ ಒದೆ ತಿನ್ನುವ ಪಾಂಡುವಾಗಿ ಚಿದಾನಂದ, ಹೆಂಡತಿಯಾಗಿ ಶಾಲಿನಿ. 2003ರಲ್ಲಿ ವಿಜಯಪ್ರಸಾದ್ ನಿರ್ದೇಶನದ 'ಸಿಲ್ಲಿ ಲಲ್ಲಿ' ಬಂತು. ಡಾಕ್ಟರ್ ವಿಠಲ್ ರಾವ್ ಆಗಿ ರವಿಶಂಕರ್ ಗೌಡ, ಸಮಾಜ ಸೇವಕಿ ಲಲಿತಾಂಬ ಆಗಿ ಮಂಜುಭಾಷಿಣಿ. ತೋಟಗಳಲ್ಲಿ ಹಣ್ಣು ಕೊಯ್ಯುತ್ತಾ ಹೆಂಗಸರು "ನಿನ್ನೆ ಲಲಿತಾಂಬ ಎಂತ ಮಾಡಿದ್ಳು ಗೊತ್ತುಂಟಾ ಮಾರಾಯ್ತಿ" ಎಂದು ಶುರುಮಾಡಿದರೆ ಗಿಡದ ಸಾಲು ಮುಗಿಯುವವರೆಗೂ ಅದೇ ಮಾತು.

ಆ ಲಲಿತಾಂಬಳನ್ನು ಬರೀ ನಗೆಪಾತ್ರ ಎಂದು ಬಿಟ್ಟುಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವಳು ಬಂದ ಕಾಲವನ್ನು ನೋಡಿ. ಕರ್ನಾಟಕದಲ್ಲಿ 1987ರ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಹೆಂಗಸರಿಗೆ ಶೇಕಡ 25 ಸ್ಥಾನ ಮೀಸಲಾಗಿತ್ತು. 1993ರ ಕಾಯ್ದೆ ಅದನ್ನು ಮೂರನೇ ಒಂದು ಭಾಗಕ್ಕೆ ಏರಿಸಿತು. ಆವರೆಗೆ ಸಭೆ ನಡೆದರೆ ಚಹಾ ಮಾಡಿ ಕಳಿಸುತ್ತಿದ್ದವರು ಈಗ ಸಭೆಯ ಕುರ್ಚಿಯಲ್ಲಿ ಕೂತರು. ಇನ್ನೊಂದು ಕಡೆ 2000–01ರಲ್ಲಿ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದು ಹಳ್ಳಿಹಳ್ಳಿಯಲ್ಲಿ ಉಳಿತಾಯದ ಗುಂಪು ಕಟ್ಟಿಸಿತು. ಆಗ ಎಸ್.ಎಂ. ಕೃಷ್ಣ ಅವರ ಸಂಪುಟದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಾಗಿದ್ದವರು ಇದೇ ಮೂಡಿಗೆರೆಯ ಶಾಸಕಿ ಮೋಟಮ್ಮ. 1978ರಲ್ಲೇ ಮೂಡಿಗೆರೆಯಿಂದ ವಿಧಾನಸಭೆಗೆ ಗೆದ್ದಿದ್ದ ದಲಿತ ಹೆಣ್ಣುಮಗಳು ಅವರು. ಅದೇ ವರ್ಷ ಚಿಕ್ಕಮಗಳೂರಿನ ಲೋಕಸಭಾ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಗೆದ್ದದ್ದನ್ನು ದೇಶವೆಲ್ಲ ನೆನೆಯುತ್ತದೆ, ಮೋಟಮ್ಮನವರ ಗೆಲುವನ್ನು ಮಾತ್ರ ನಾವು ನೆನಪಿಸಿಕೊಳ್ಳಬೇಕು.

ಹೆಂಗಸು ಮನೆಯಿಂದ ಹೊರಗೆ ಬಂದು 'ಸಮಾಜ' ಎಂದು ಮಾತಾಡತೊಡಗಿದ ಆ ಹೊತ್ತಿಗೆ ಸರಿಯಾಗಿ ಟಿ.ವಿ.ಯಲ್ಲಿ ಸಮಾಜ ಸೇವಕಿಯೊಬ್ಬಳು ನಗೆಪಾಟಲಾದಳು. ಇದು ಕಾಕತಾಳೀಯವಲ್ಲ ಎಂದೇ ನನ್ನ ನಂಬಿಕೆ. ಬದಲಾವಣೆ ಕಂಡು ಗಲಿಬಿಲಿಯಾದ ಸಮಾಜ ಮೊದಲು ನಗುತ್ತದೆ. ಲಲಿತಾಂಬಳ ಆಡಂಬರ, ಅವಳ ಭಾಷಣದ ಹುಚ್ಚು, ಎಲ್ಲದಕ್ಕೂ ತಾನೇ ಮುಂದೆ ಎನ್ನುವ ಗತ್ತು, ಎಲ್ಲವೂ ನಗೆಗೆ ಸರಕು. ಮೀಟಿಂಗಿಗೆ ಹೊರಟ ಹೆಂಗಸನ್ನು "ಏನು ಲಲಿತಾಂಬ, ಸವಾರಿ ಎಲ್ಲಿಗೆ?" ಎಂದು ಕಿಚಾಯಿಸಲು ಗಂಡಸರಿಗೆ ಒಂದು ಹೆಸರು ಸಿಕ್ಕಿತು. ಆ ಚೇಷ್ಟೆಯ ನೋವನ್ನು ನಾನು ಕಡೆಗಣಿಸಲಾರೆ. ಆದರೆ ಇನ್ನೊಂದು ಮಗ್ಗುಲೂ ಇದೆ. ಅವಳು ಮನೆಗೆ ನಡುಗಂಬದಂತಿದ್ದಳು. ಮನೆಯವರು ಅವಳನ್ನು ಬೈದರು, ರೇಗಿಸಿದರು, ಆದರೆ ಅವಳಿಲ್ಲದೆ ಕಂತು ನಡೆಯಲಿಲ್ಲ. ಹೊರಗಿನ ಕೆಲಸ, ಹೊರಗಿನ ಹೆಸರು ಇರುವ ಹೆಂಗಸು ದಿನಾ ರಾತ್ರಿ ನಡುಮನೆಗೆ ಬಂದು ನಗಿಸಿ ಹೋದಾಗ ಅವಳಿಗೆ ಹೆದರುವುದು ನೋಡುವವರಿಗೆ ನಿಧಾನವಾಗಿ ತಪ್ಪಿತು. ಅವಳನ್ನು ಅಭಿನಯಿಸಿದ ಮಂಜುಭಾಷಿಣಿ ಆ ಗತ್ತಿಗೆ ಕೊಟ್ಟ ಜೀವಂತಿಕೆಯಿಂದಲೇ ಇದು ಸಾಧ್ಯವಾಯಿತು.

'ಪಾಪ ಪಾಂಡು'ವಿನ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಮೃದುವಲ್ಲ. ಗಂಡನನ್ನು ಹೊಡೆಯುವ ಹೆಂಡತಿ ನಗು ತರಿಸುವುದು ಅದು ನಡೆಯದ ಮಾತು ಎಂದು ನೋಡುವವರು ನಂಬಿರುವುದರಿಂದ. ನಿಜದ ಏಟುಗಳು ಬೀಳುತ್ತಿದ್ದದ್ದು ಯಾರ ಮೇಲೆ ಎಂದು ಲೈನ್ ಮನೆಯ ಹೆಂಗಸರಿಗೂ ಗೊತ್ತಿತ್ತು, ದೊಡ್ಡಮನೆಯ ಹೆಂಗಸರಿಗೂ ಗೊತ್ತಿತ್ತು. ಶನಿವಾರ ಬಟವಾಡೆಯಾದ ರಾತ್ರಿ ಸಾರಾಯಿ ಅಂಗಡಿಯಿಂದ ಮನೆಗೆ ಬಂದವನು ಪಾಂಡು ಆಗಿರಲಿಲ್ಲ. ಆದರೂ ಆ ಧಾರಾವಾಹಿಗೆ ಹೆಂಗಸರೇ ಹೆಚ್ಚು ನಕ್ಕರು. ಆ ನಗುವಿನಲ್ಲಿ ಸ್ವಲ್ಪ ಹೊತ್ತಿನ ಬಿಡುಗಡೆ ಇತ್ತು. ಅದನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ.

ಅದು ಕಾಫಿ ಸೀಮೆಗೆ ಕೆಟ್ಟ ಕಾಲವೂ ಹೌದು. ಬ್ರೆಜಿಲ್, ವಿಯೆಟ್ನಾಂಗಳ ಕಾಫಿ ಮಾರುಕಟ್ಟೆಗೆ ನುಗ್ಗಿ 2000ದಿಂದ ನಾಲ್ಕೈದು ವರ್ಷ ಬೆಲೆ ಪಾತಾಳ ಕಂಡಿತು. ಸಾಲ ಏರಿತು, ತೋಟದ ಕೆಲಸ ಕಡಿಮೆಯಾಯಿತು. ಜೀಪು ಕೊಂಡಿದ್ದ ಯಜಮಾನ ಬ್ಯಾಂಕಿನ ನೋಟಿಸಿನ ಮುಂದೆ ತಲೆಬಾಗಿಸಿ ಕೂತ. ಆ ದಿನಗಳಲ್ಲಿ ಉಳಿತಾಯ ಸಂಘದ ಸಣ್ಣ ಸಾಲ ತಂದು ಮಕ್ಕಳ ಫೀಸು ಕಟ್ಟಿದವರು, ಏಲಕ್ಕಿ ಮೆಣಸು ಬಿಡಿಸಿ ಅಂಗಡಿ ಲೆಕ್ಕ ತೀರಿಸಿದವರು ಹೆಂಗಸರು. ಯಜಮಾನಿಕೆ ಕೈ ಬದಲಾಯಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಗಂಡನ ಮಾತು ನಡೆಯದ ಮನೆಯೊಂದು ಟಿ.ವಿ.ಯಲ್ಲಿ ನಡೆಯುತ್ತಿತ್ತು, ಅದನ್ನು ನೋಡಿ ನಗುವ ನೆಪದಲ್ಲಿ ನಮ್ಮ ಮನೆಗಳು ತಮ್ಮ ಹೊಸ ಸ್ಥಿತಿಗೆ ಒಗ್ಗಿಕೊಂಡವು.

ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಈ ಸಂಗತಿಯನ್ನು ಕಥೆಯಲ್ಲಿ ಮೊದಲೇ ಹಿಡಿದಿದ್ದರು. 'ಕಿರಗೂರಿನ ಗಯ್ಯಾಳಿಗಳು' ನಗಿಸುತ್ತದೆ, ಆದರೆ ಅಲ್ಲಿ ನಗೆಯ ಬಾಣ ಗಂಡಸರ ಪೊಳ್ಳುತನದ ಕಡೆಗೆ ಇದೆ. ಅದನ್ನು 2016ರಲ್ಲಿ ಸಿನಿಮಾ ಮಾಡಿದವರು ಸುಮನಾ ಕಿತ್ತೂರು, ಒಬ್ಬ ಮಹಿಳೆ. ಹೆಂಗಸರ ಜೋರನ್ನು ಹಾಸ್ಯ ಮಾಡದೆ ಹಾಸ್ಯ ಬರೆಯಬಹುದು ಎಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿ ಇದೆ.

2015ರಲ್ಲಿ ಸೃಜನ್ ಲೋಕೇಶ್ ಅವರ 'ಮಜಾ ಟಾಕೀಸ್' ಬಂದಾಗ ಚಿಕ್ಕಮಗಳೂರು ಜಿಲ್ಲೆಗೆ ಹೆಮ್ಮೆಯ ಒಂದು ಪಾತ್ರ ಸಿಕ್ಕಿತು. ಕಡೂರು ತಾಲ್ಲೂಕಿನ ಪಂಚನಹಳ್ಳಿ ಮೂಲದ ಅಪರ್ಣಾ, ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರ 'ಮಸಣದ ಹೂವು' ಮೂಲಕ ಬಂದವರು, ದೂರದರ್ಶನದ ನಿರೂಪಕಿಯಾಗಿ ಅಚ್ಚ ಕನ್ನಡಕ್ಕೆ ಹೆಸರಾದವರು, ಬೆಂಗಳೂರಿನ 'ನಮ್ಮ ಮೆಟ್ರೊ'ದ ದನಿಯಾದವರು. ಅಂಥ ಗಂಭೀರ ದನಿಯವರು ನಡುವಯಸ್ಸಿನಲ್ಲಿ 'ವರಲಕ್ಷ್ಮಿ'ಯಾಗಿ ಕುಣಿದು ಕುಪ್ಪಳಿಸಿ ನಗಿಸಿದರು. ನಲವತ್ತು ದಾಟಿದ ನಟಿಗೆ ಅಮ್ಮ ಅಥವಾ ಅತ್ತೆ ಪಾತ್ರ ಮಾತ್ರ ಎಂಬ ಕಿರುತೆರೆಯ ಕಟ್ಟಳೆಯನ್ನು ಅವರು ಮುರಿದರು. 2024ರ ಜುಲೈ 11ರಂದು ಅವರು ತೀರಿಕೊಂಡಾಗ ಮಲೆನಾಡಿನ ಮನೆಗಳು ತಮ್ಮವರನ್ನೇ ಕಳೆದುಕೊಂಡಂತೆ ಕಣ್ಣೀರಿಟ್ಟವು.

'ಮಜಾ ಟಾಕೀಸ್' ಕಾಲದ ಕಾಮಿಡಿ ಶೋಗಳಲ್ಲಿ ಗಂಡಸರು ಸೀರೆಯುಟ್ಟು ಬಂದು ಹೆಣ್ಣಿನ ಮೈಯನ್ನೇ ಗೇಲಿ ಮಾಡುವುದು ಹೆಚ್ಚಿತು. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದು ಬೇಸರ ತರುತ್ತದೆ. ಅಲ್ಲಿ ಗಂಡಸು ಹೆಣ್ಣಾಗಿ ದ್ರೌಪದಿಯ ಸಂಕಟವನ್ನು ಆಡುತ್ತಿದ್ದ. ಇಲ್ಲಿ ಸೀರೆಯೇ ನಗೆಯ ವಸ್ತು. ಹಳೆಯ ಲಲಿತಾಂಬಳಿಗಿಂತ ಇದು ಹಿಂದಕ್ಕೆ ಇಟ್ಟ ಹೆಜ್ಜೆ.

ಆಮೇಲೆ ಕಲರ್ಸ್ ಸೂಪರ್ ವಾಹಿನಿ 'ಪಾಪ ಪಾಂಡು', 'ಸಿಲ್ಲಿ ಲಲ್ಲಿ' ಎರಡನ್ನೂ ಹೊಸದಾಗಿ ತಂದು ನೋಡಿತು. ಹಳೆಯ ಕಂತುಗಳು ಈಗ ಮೊಬೈಲಿನಲ್ಲಿ ಸಿಗುತ್ತವೆ. ಅಷ್ಟರಲ್ಲಿ ನಮ್ಮ ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ 2010ರಲ್ಲಿ ಅರ್ಧಕ್ಕೆ ಏರಿತು, ಕಳಸ ತಾನೇ ಒಂದು ತಾಲ್ಲೂಕಾಯಿತು, 2023ರಲ್ಲಿ ಮೂಡಿಗೆರೆಯಿಂದ ಮೋಟಮ್ಮನವರ ಮಗಳು ನಯನಾ ಮೋಟಮ್ಮ ಶಾಸಕಿಯಾದರು. ಪಂಚಾಯಿತಿ ಅಧ್ಯಕ್ಷೆ ಈಗ ಯಾರಿಗೂ ಅಚ್ಚರಿಯಲ್ಲ, ನಗೆಯೂ ಅಲ್ಲ.

ಕನ್ನಡದ ಹಾಸ್ಯ ಧಾರಾವಾಹಿ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಬೆಂಗಳೂರಿನ ಹಾಲ್ ಮತ್ತು ಸೋಫಾ ಬಿಟ್ಟು ಒಮ್ಮೆ ಬಾಳೂರು, ಕೊಟ್ಟಿಗೆಹಾರ, ಕಳಸದ ಕಡೆ ಬನ್ನಿ. ಕಾಫಿ ಕಣದಲ್ಲಿ ಮೇಸ್ತ್ರಿಯನ್ನು ಮಾತಿನಲ್ಲೇ ಮಣಿಸುವ ಹೆಂಗಸರಿದ್ದಾರೆ, ಸಂಘದ ಪುಸ್ತಕ ಬರೆಯುವ ಸೊಸೆಯರಿದ್ದಾರೆ, ಅಡುಗೆ ಕಲಿಯುತ್ತಿರುವ ಒಂಟಿ ಯಜಮಾನರಿದ್ದಾರೆ. ಅವರನ್ನು ನೋಡಿ ನಗುವ ಧಾರಾವಾಹಿ ಬೇಡ, ಅವರ ಜೊತೆ ಕೂತು ನಗುವುದನ್ನು ಬರೆಯಿರಿ.